ಮಾಗಡಿ ರಸ್ತೆಯಲ್ಲಿ ಮೂರು ಬಲ್ಬುಗಳು

ನನ್ನ ಬೈಕು 2009ರದು. ಈ 150 ಸಿಸಿ ಗಾಡಿಗೆ ಕಂಪನಿಯಿಂದಲೇ ಬಂದದ್ದು 35/35 ವಾಟಿನ, ಅಂದರೆ ದೂರಕ್ಕೆ ಬೀಳುವ ಹೈಬೀಮಿಗೂ ತಗ್ಗಿ ಬೀಳುವ ಡಿಮ್ಮಿಗೂ ತಲಾ 35 ವಾಟಿನ, ಹ್ಯಾಲೊಜೆನ್ ಬಲ್ಬು; ಬಿಡಿಭಾಗದ ಅಂಗಡಿಯಲ್ಲಿ ಎಚ್‌ಎಸ್1 ಎಂದು ಕೇಳಿದರೆ ಕೊಡುತ್ತಾರೆ. ನಾಗರಬಾವಿಯಿಂದ ಪೀಣ್ಯಕ್ಕೆ ಹೋಗಿಬರುವುದಷ್ಟೇ ಅದರ ಕೆಲಸವಾಗಿದ್ದ ವರ್ಷಗಳಲ್ಲಿ ಹೆಡ್‌ಲೈಟು ಉರಿಯುತ್ತಿದೆಯೋ ಇಲ್ಲವೋ ಎಂಬುದನ್ನು ನಾನು ಗಮನಿಸಿದ್ದೇ ಕಡಿಮೆ. ಬೀದಿದೀಪಗಳು, ಅಂಗಡಿಗಳ ಬೋರ್ಡುಗಳು, ಹಿಂದೆಮುಂದೆ ಸಾಲುಗಟ್ಟಿದ ವಾಹನಗಳು ಇವೆಲ್ಲ ಸೇರಿ ಬೆಂಗಳೂರಿನ ರಸ್ತೆಯನ್ನು ಎಷ್ಟು ಬೆಳಗುತ್ತವೆಂದರೆ, ಇಲ್ಲಿ ಹೆಡ್‌ಲೈಟು ದಾರಿ ನೋಡುವುದಕ್ಕಿಂತ ಹೆಚ್ಚಾಗಿ ನಾವು ಬರುತ್ತಿದ್ದೇವೆ ಎಂದು ಇತರರಿಗೆ ತಿಳಿಸುವ ಗುರುತಾಗಿ ಉಳಿದುಬಿಟ್ಟಿದೆ. 2017ರ ಏಪ್ರಿಲ್ 1ರ ನಂತರ ತಯಾರಾದ ದ್ವಿಚಕ್ರ ವಾಹನಗಳಲ್ಲಂತೂ ಎಂಜಿನ್ ಓಡುತ್ತಿರುವಷ್ಟು ಹೊತ್ತು, ಹಗಲಿನಲ್ಲಿಯೂ, ದೀಪ ಉರಿಯುತ್ತಲೇ ಇರಬೇಕು ಎಂಬ ನಿಯಮ ಬಂದದ್ದು ಇದೇ ಕಾರಣಕ್ಕೆ.

ಅಪ್ಪ ತೀರಿಕೊಂಡ ಮೇಲೆ ಪ್ರತಿ ಶನಿವಾರ ಮಾಗಡಿಯಾಚೆಯ ನಮ್ಮೂರಿಗೆ ಹೋಗಿ, ಅಮ್ಮನೊಡನೆ ಒಂದು ದಿನ ಇದ್ದು, ಭಾನುವಾರ ರಾತ್ರಿ ಊಟ ಮುಗಿಸಿ ಹೊರಡುವ ರೂಢಿ ಶುರುವಾಯಿತು. ಸುಂಕದಕಟ್ಟೆಯವರೆಗೆ ನಗರದ್ದೇ ಬೆಳಕು. ತಾವರೆಕೆರೆ ದಾಟಿದ ಮೇಲೆ ರಸ್ತೆಗೂ ನನಗೂ ನಡುವೆ ಇರುವುದು ಆ 35 ವಾಟು ಮಾತ್ರ ಎಂಬುದು ಮೊದಲ ಭಾನುವಾರವೇ ಅರಿವಾಯಿತು. ಬಣ್ಣ ಬಳಿಯದ ಹಂಪು, ಹಿಂಬದಿಗೆ ಯಾವ ಗುರುತೂ ಇಲ್ಲದ ಎತ್ತಿನ ಗಾಡಿ, ರಸ್ತೆಯಂಚಿನಲ್ಲಿ ಕಪ್ಪು ಕಂಬಳಿ ಹೊದ್ದು ನಡೆಯುವ ಮನುಷ್ಯ ಎಲ್ಲವೂ ಹತ್ತಿರ ಬಂದ ಮೇಲೆಯೇ ಕಾಣುತ್ತಿದ್ದವು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 16.7 ಮೀಟರ್ ಸಾಗುತ್ತದೆ. ಕಂಡದ್ದು ಏನೆಂದು ತಿಳಿದು ಕೈ ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಎಂದುಕೊಂಡರೆ ಅದಕ್ಕೇ 25 ಮೀಟರ್ ಕಳೆಯುತ್ತದೆ. ಹದವಾಗಿ ಬ್ರೇಕು ಹಿಡಿದು ನಿಲ್ಲಲು ಇನ್ನೊಂದು 28 ಮೀಟರ್ ಬೇಕು. ನನ್ನ ಡಿಮ್ ಬೆಳಕಿಗೆ ಐವತ್ತು ಮೀಟರ್ ಆಚೆಯದು ಏನೂ ಕಾಣುತ್ತಿರಲಿಲ್ಲ. ಬಲ್ಬು ಸಾಲದು ಎಂಬ ತೀರ್ಮಾನಕ್ಕೆ ನಾನು ಬಂದದ್ದು ಹೀಗೆ, ಮತ್ತು ಆ ತೀರ್ಮಾನ ತಪ್ಪೆಂದು ತಿಳಿಯಲು ಒಂದೂವರೆ ವರ್ಷ ಹಿಡಿಯಿತು.

ಬಿಡಿಭಾಗವೆಂದರೆ ಬೆಂಗಳೂರಿಗರಿಗೆ ಜೆ.ಸಿ. ರಸ್ತೆ. ಟೌನ್‌ಹಾಲಿನ ಪಕ್ಕದಿಂದ ಹೊರಟು ರವೀಂದ್ರ ಕಲಾಕ್ಷೇತ್ರದ ಮುಂದೆ ಸಾಗುವ ಈ ರಸ್ತೆಯಲ್ಲಿ ನಾಟಕ ನೋಡಲು ಬಂದವರಿಗಿಂತ ಸೈಲೆನ್ಸರ್ ಹುಡುಕಿಕೊಂಡು ಬಂದವರೇ ಯಾವಾಗಲೂ ಹೆಚ್ಚು. ಇಲ್ಲಿಂದ ಕೂಗಳತೆಯಲ್ಲಿರುವ ಇಂದಿನ ಕೆ.ಆರ್. ಮಾರುಕಟ್ಟೆಯ ಬಳಿಯಲ್ಲಿಯೇ, 1905ರ ಆಗಸ್ಟ್ 5ರಂದು, ಶಿವನಸಮುದ್ರದಿಂದ ಹರಿದುಬಂದ ವಿದ್ಯುತ್ತಿನಿಂದ ಊರಿನ ಬೀದಿದೀಪಗಳು ಮೊದಲು ಹೊತ್ತಿಕೊಂಡವು. ಅಂದು ಆ ದೀಪದ ಕೆಳಗೆ ನೆರೆದವರ ಬೆರಗಿನಷ್ಟೇ ಬೆರಗಿನಿಂದ ನಾನು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿದ್ದ ಬಲ್ಬುಗಳನ್ನು ನೋಡುತ್ತಾ ನಿಂತಿದ್ದೆ. ಎಚ್4 ಎಂಬ 60/55 ವಾಟಿನ ಹ್ಯಾಲೊಜೆನ್ ಬಲ್ಬು ಕಾರುಗಳಿಗೂ ದೊಡ್ಡ ಬೈಕುಗಳಿಗೂ ಹಾಕುವಂಥದು. ಅದರ ಬುಡಕ್ಕೂ ಎಚ್‌ಎಸ್1ರ ಬುಡಕ್ಕೂ ವ್ಯತ್ಯಾಸ ಬಹಳ ಸಣ್ಣದು. ಅರ ಹಿಡಿದು ಕೊಂಚ ಉಜ್ಜಿದರೆ ಕೂರುತ್ತದೆ ಎಂದು ಅಂಗಡಿಯವರು ತಾವೇ ಉಜ್ಜಿಕೊಟ್ಟರು. ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಕಾದು ಒಡೆಯುತ್ತದೆ ಎಂಬ ಬುದ್ಧಿಮಾತನ್ನೂ ಹೇಳಿದರು. ಅವರು ಹೇಳದೆ ಬಿಟ್ಟದ್ದು, ಅಥವಾ ನಾನು ಕೇಳದೆ ಬಿಟ್ಟದ್ದು, ವೈರಿನ ಸಂಗತಿ.

ಲೆಕ್ಕದ ಪ್ರಕಾರ ಆ ಬದಲಾವಣೆ ಚಿಕ್ಕದೇನಲ್ಲ. 13.2 ವೋಲ್ಟು ಸಿಕ್ಕಾಗ ಎಚ್‌ಎಸ್1 ಡಿಮ್ಮಿನಲ್ಲಿ ಸುಮಾರು 525 ಲ್ಯೂಮೆನ್ ಬೆಳಕು ಕೊಟ್ಟರೆ ಎಚ್4 ಸುಮಾರು 1000 ಲ್ಯೂಮೆನ್ ಕೊಡುತ್ತದೆ. ಆದರೆ ಬೆಳಕು ಇಮ್ಮಡಿಯಾದ ಮಾತ್ರಕ್ಕೆ ನೋಟ ಇಮ್ಮಡಿ ದೂರ ಹೋಗುವುದಿಲ್ಲ. ದೂರದ ವರ್ಗಕ್ಕೆ ತಕ್ಕಂತೆ ಬೆಳಕು ತೆಳುವಾಗುತ್ತಾ ಹೋಗುವುದರಿಂದ, ನಲವತ್ತು ಮೀಟರಿನಲ್ಲಿ ಕಾಣುತ್ತಿದ್ದ ವಸ್ತು ಇಮ್ಮಡಿ ಬೆಳಕಿನಲ್ಲಿ ಐವತ್ತಾರು ಮೀಟರಿನ ಆಸುಪಾಸಿನಲ್ಲಿ ಅಷ್ಟೇ ಸ್ಪಷ್ಟವಾಗಿ ಕಂಡೀತು. ಆ ಹದಿನಾರು ಮೀಟರ್ ನನಗೆ ದೊಡ್ಡದೆನಿಸಿತು. ಎರಡು ತಿಂಗಳು ಸಂತೋಷದಿಂದಲೇ ಓಡಿಸಿದೆ. ಸಿಗ್ನಲ್ಲಿನಲ್ಲಿ ನಿಂತಾಗ ಹಾರ್ನಿನ ದನಿ ಕೀರಲಾಗುತ್ತಿದ್ದುದನ್ನು, ಬೆಳಿಗ್ಗೆ ಸೆಲ್ಫು ಒಂದೆರಡು ಸಲ ಮುನಿಸಿಕೊಳ್ಳುತ್ತಿದ್ದುದನ್ನು ಬ್ಯಾಟರಿಯ ಮುಪ್ಪಿನ ಲೆಕ್ಕಕ್ಕೆ ಬರೆದುಕೊಂಡೆ.

ಮೂರನೆಯ ತಿಂಗಳಿನ ಒಂದು ಭಾನುವಾರ, ಮಾಗಡಿ ಬಿಟ್ಟು ಸುಮಾರು ಹತ್ತು ಕಿಲೋಮೀಟರ್ ಬಂದಿರಬೇಕು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಯಾರೋ ಹೊಲದಲ್ಲಿ ಕಸ ಸುಡುತ್ತಿದ್ದಾರೆ ಎಂದುಕೊಂಡು ಇನ್ನಷ್ಟು ದೂರ ಬಂದೆ. ಆಮೇಲೆ ದೀಪ ಒಮ್ಮೆ ಕಣ್ಣು ಮಿಟುಕಿಸಿದಂತಾಗಿ ಪೂರ್ತಿ ಆರಿಹೋಯಿತು. ಬೆಳಕಿನಲ್ಲಿ ಓಡುತ್ತಿದ್ದ ಗಾಡಿ ಒಮ್ಮೆಲೇ ಕತ್ತಲಿಗೆ ಬಿದ್ದಾಗ ರಸ್ತೆ ಎಲ್ಲಿದೆ ಎಂಬುದು ಮಾತ್ರವಲ್ಲ, ನಾನು ಎಷ್ಟು ವೇಗದಲ್ಲಿದ್ದೇನೆ ಎಂಬ ಅಂದಾಜೂ ತಪ್ಪಿಹೋಗುತ್ತದೆ ಎಂಬುದು ಆ ಕ್ಷಣದವರೆಗೆ ನನಗೆ ಗೊತ್ತಿರಲಿಲ್ಲ. ಹೇಗೋ ಎಡಕ್ಕೆ ಒತ್ತಿ ನಿಲ್ಲಿಸಿ, ಮೊಬೈಲಿನ ಬೆಳಕಿನಲ್ಲಿ ಡೂಮ್, ಅಂದರೆ ಹೆಡ್‌ಲೈಟಿನ ಗಾಜು ಮತ್ತು ಪ್ರತಿಫಲಕ ಸೇರಿದ ಬುರುಡೆ, ಬಿಚ್ಚಿ ನೋಡಿದರೆ, ಬಲ್ಬು ಕೂರುವ ಹೋಲ್ಡರು ಬೆಲ್ಲದ ಅಚ್ಚಿನಂತೆ ಕರಗಿ ಒಂದು ಕಡೆಗೆ ವಾಲಿತ್ತು. ಬಲ್ಬಿಗೆ ಏನೂ ಆಗಿರಲಿಲ್ಲ! ಹಿಂದಿನಿಂದ ಬಂದ ಸಾರಿಗೆ ಬಸ್ಸೊಂದರ ಹಿಂದೀಪವನ್ನೇ ದಾರಿದೀಪ ಮಾಡಿಕೊಂಡು, ಅದು ನಿಂತಲ್ಲೆಲ್ಲ ನಿಂತು, ಹೊರಟಾಗ ಹೊರಟು ತಾವರೆಕೆರೆ ಸೇರಿದೆ. ಆ ಬಸ್ಸಿನ ಚಾಲಕರಿಗೆ ತಮ್ಮ ಹಿಂದೆ ಒಬ್ಬ ಕುರುಡ ಅಂಟಿಕೊಂಡು ಬರುತ್ತಿದ್ದಾನೆ ಎಂಬುದು ತಿಳಿದಿತ್ತೋ ಇಲ್ಲವೋ.

ಆದದ್ದೇನು ಎಂಬುದು ಶಾಲೆಯ ವಿಜ್ಞಾನದಲ್ಲಿಯೇ ಇದೆ. 35 ವಾಟಿನ ಬಲ್ಬು 12 ವೋಲ್ಟಿನಲ್ಲಿ ಹೆಚ್ಚುಕಡಿಮೆ 2.9 ಆಂಪಿಯರ್ ಎಳೆಯುತ್ತದೆ, 60 ವಾಟಿನದು 5 ಆಂಪಿಯರ್. ವೈರು ಮತ್ತು ಅದರ ಕೀಲುಗಳಲ್ಲಿ ಹುಟ್ಟುವ ಕಾವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಎರಡಕ್ಕೂ ಕಡಿಮೆ ಪಟ್ಟು ಹೆಚ್ಚಿದ ಪ್ರವಾಹ ಮೂರು ಪಟ್ಟು ಕಾವನ್ನು ತಂದಿತ್ತು. ಹಳೆಯ, ಮಳೆ ಕುಡಿದು ಕಿಲುಬು ಹಿಡಿದ ಕೀಲುಗಳಿಗೆ ಅದು ತಡೆಯಲಿಲ್ಲ.

ಇಷ್ಟಾದ ಮೇಲೆ ಯಾರಾದರೂ ವೈರಿಂಗ್ ನೋಡಿಸುತ್ತಾರೆ. ನಾನು ಎಲ್‌ಇಡಿ ಕೊಂಡೆ.

ಎಲ್‌ಇಡಿ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ಕೊಡುತ್ತದೆ ಎಂಬುದು ನಿಜ. ನೀಲಿ ಎಲ್‌ಇಡಿ ಕಂಡುಹಿಡಿದು ಬಿಳಿ ಬೆಳಕಿಗೆ ದಾರಿ ಮಾಡಿದ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರಲ್ಲಿ ನೊಬೆಲ್ ಬಂದದ್ದೂ ಅದರ ಯೋಗ್ಯತೆಗೆ ತಕ್ಕದ್ದೇ. ಆದರೆ ನಾನು ಕೊಂಡ ಪೆಟ್ಟಿಗೆಯ ಮೇಲೆ 40 ವಾಟು, 20,000 ಲ್ಯೂಮೆನ್ ಎಂದು ಅಚ್ಚಾಗಿತ್ತು. ವಾಟಿಗೆ ನೂರು, ಬಹಳವೆಂದರೆ ನೂರೈವತ್ತು ಲ್ಯೂಮೆನ್ ಕೊಡುವ ವಸ್ತುವಿಗೆ ಐನೂರರ ಲೆಕ್ಕ ಬರೆದವರ ಧೈರ್ಯವನ್ನು ನಾನು ಮೆಚ್ಚಿಕೊಳ್ಳಬೇಕೇ ಹೊರತು ನಂಬಬಾರದಿತ್ತು. ಅಂದು ಈ ಭಾಗಾಕಾರವನ್ನೂ ಮಾಡಲಿಲ್ಲ. ರಾತ್ರಿ ಮನೆಯ ಮುಂದೆ ಹಚ್ಚಿದಾಗ ಎದುರುಮನೆಯ ಗೋಡೆ ಸುಣ್ಣ ಬಳಿದಷ್ಟು ಬೆಳ್ಳಗಾಯಿತು, ಅಷ್ಟು ಸಾಕಾಯಿತು.

ಮುಂದಿನ ವಾರ ಅಕ್ಕ ಭಾವ ಕೂಡ ಊರಿಗೆ ಬಂದಿದ್ದರು. ವಾಪಸಾಗುವಾಗ ಭಾವನ ಕಾರು ಮುಂದೆ, ನನ್ನ ಬೈಕು ಹಿಂದೆ. ತಾವರೆಕೆರೆಯಲ್ಲಿ ಚಹಾಕ್ಕೆಂದು ನಿಲ್ಲಿಸಿದಾಗ ಭಾವ ಕಾರಿನಿಂದಿಳಿದವರೇ ಕಣ್ಣುಜ್ಜಿಕೊಂಡು, "ಏನಪ್ಪಾ ಅದು ನಿನ್ನ ಗಾಡಿ ಲೈಟು, ಇಪ್ಪತ್ತು ಕಿಲೋಮೀಟ್ರು ಕನ್ನಡಿ ಮಡಚಿಟ್ಟು ಓಡಿಸಿದೀನಿ" ಎಂದರು. ಡಿಮ್ಮಿನಲ್ಲಿಯೇ ಬಂದೆ ಭಾವ ಎಂದೆ. "ಅದು ಡಿಮ್ಮಾ?" ಎಂದು ಕೇಳಿ ಅವರು ಚಹಾ ಕುಡಿಯಲು ಹೋದರು. ಭಾವನಿಗೆ ಅರವತ್ತೆರಡು. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಮೂರನೆಯ ಒಂದು ಪಾಲಿನಷ್ಟು ಮಾತ್ರ. ಅದರ ಮೇಲೆ, ಹಣ್ಣಾಗತೊಡಗಿದ ಮಸೂರದೊಳಗೆ ಆ ಬೆಳಕು ಚೆದುರಿ ಮಂಜಿನ ತೆರೆಯಂತೆ ಹರಡುತ್ತದೆ. ಕತ್ತಲಲ್ಲಿ ನೋಡಲು ಹೆಚ್ಚು ಬೆಳಕು ಬೇಕಾದವರಿಗೇ ಎದುರಿನ ಬೆಳಕು ಹೆಚ್ಚು ಕಾಡುತ್ತದೆ. ಇದನ್ನು ಓದಿ ತಿಳಿದುಕೊಂಡದ್ದು ಆಮೇಲೆ. ಅಂದು ನನಗನ್ನಿಸಿದ್ದು ಭಾವನದು ಸ್ವಲ್ಪ ಅತಿಯಾಯಿತು ಎಂದೇ.

ಆದರೂ ಆ "ಅದು ಡಿಮ್ಮಾ?" ಎಂಬ ಪ್ರಶ್ನೆ ಬಿಡಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಷ್ಟು ಸಮತಟ್ಟಾದ ಜಾಗ ಈ ಭಾಗದಲ್ಲಿ ಬೇರೊಂದಿಲ್ಲ. ರಜೆಗೆ ಬಂದಿದ್ದ ಅಕ್ಕನ ಮಗನನ್ನು ಬೈಕಿನ ಮೇಲೆ ಕೂರಿಸಿ, ಟೇಪು ಹಿಡಿದು ಅಳೆದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮ ಇದಕ್ಕೊಂದು ಖಚಿತವಾದ ಜಾಗವನ್ನೇ ಗೊತ್ತುಮಾಡಿದೆ: ದೀಪದಿಂದ 8 ಮೀಟರ್ ಮುಂದೆ, ಅದರ ಬಲಕ್ಕೆ ಅರ್ಧ ಮೀಟರ್ ಸರಿದು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಇರುವ ಕಣ್ಣನ್ನು ಆ ಬೆಳಕು ಕುಕ್ಕಬಾರದು. ಮೊಣಕಾಲು ಕೊಂಚ ಬಗ್ಗಿಸಿದರೆ ನನ್ನ ಕಣ್ಣು ಸರಿಯಾಗಿ ಅಲ್ಲಿಗೆ ಬರುತ್ತದೆ. "ಹಾಕಲಾ ಮಾಮ?" ಎಂದು ಕೇಳಿ ಅವನು ಡಿಮ್ ಹಾಕಿದ. ಬೈಕು, ಹುಡುಗ, ಕಂಬ, ಹಿಂದಿನ ಗೋಡೆ ಎಲ್ಲವೂ ಮಾಯವಾಗಿ ಒಂದು ಬಿಳಿ ತೂತು ಉಳಿಯಿತು. ಅವನು ಆರಿಸಿದ ಮೇಲೂ ಕೆಲವು ಸೆಕೆಂಡು ಅದೇ ತೂತು ಹಸಿರಾಗಿ, ನೇರಳೆಯಾಗಿ ಕಣ್ಣೊಳಗೆ ತೇಲುತ್ತಿತ್ತು. ಮಾಗಡಿ ರಸ್ತೆಯಲ್ಲಿ ಎದುರು ಬಂದ ಎಷ್ಟು ಜನ ಆ ಕೆಲವು ಸೆಕೆಂಡುಗಳಲ್ಲಿ ಐವತ್ತು, ಅರವತ್ತು ಮೀಟರ್ ಕಣ್ಣು ಕಾಣದೆ ಓಡಿಸಿರಬಹುದು ಎಂದು ಅಲ್ಲಿಯೇ ಲೆಕ್ಕ ಹಾಕಿದೆ.

ಬೈಕನ್ನು ಗೋಡೆಯಿಂದ ಹತ್ತು ಮೀಟರ್ ದೂರಕ್ಕೆ ತಂದು ಮತ್ತೆ ನೋಡಿದೆವು. ಹ್ಯಾಲೊಜೆನ್ ಇದ್ದಾಗ ಡಿಮ್ ಬೆಳಕಿಗೆ ಗೋಡೆಯ ಮೇಲೆ ಒಂದು ಗೆರೆ ಇರುತ್ತಿತ್ತು: ಕೆಳಗೆ ಬೆಳಕು, ಮೇಲೆ ಕತ್ತಲು, ಎಡಕ್ಕೆ ಮಾತ್ರ ಆ ಗೆರೆ ಓರೆಯಾಗಿ ಮೇಲೇರುತ್ತದೆ. ನಾವು ರಸ್ತೆಯ ಎಡದಲ್ಲಿ ಓಡಿಸುವವರಾದ್ದರಿಂದ ಎಡ ಅಂಚಿನಲ್ಲಿ ನಡೆಯುವವರು ಕಾಣಲೆಂದೂ, ಬಲದಿಂದ ಎದುರಾಗುವವರಿಗೆ ಬೆಳಕು ಬೀಳದಿರಲೆಂದೂ ಡೂಮನ್ನು ಹಾಗೆ ರೂಪಿಸಿರುತ್ತಾರೆ. ಎಲ್‌ಇಡಿ ಹಾಕಿದಾಗ ಆ ಗೆರೆಯೇ ಇರಲಿಲ್ಲ. ಇದರ ಗುಟ್ಟು ಬಲ್ಬಿನೊಳಗಿದೆ. ಹ್ಯಾಲೊಜೆನ್ನಿನ ಡಿಮ್ ತಂತಿ ಅಕ್ಕಿಕಾಳಿನಷ್ಟು ಉದ್ದದ ಸುರುಳಿ. ಅದರ ಕೆಳಗೆ ಒಂದು ಪುಟ್ಟ ಲೋಹದ ದೊನ್ನೆ ಇರುತ್ತದೆ. ಆ ದೊನ್ನೆ ತಂತಿಯ ಬೆಳಕನ್ನು ಪ್ರತಿಫಲಕದ ಕೆಳ ಅರ್ಧಕ್ಕೆ ಬೀಳಲು ಬಿಡದೆ ಮೇಲಿನ ಅರ್ಧಕ್ಕೆ ಮಾತ್ರ ಕಳಿಸುತ್ತದೆ, ಮೇಲಿನ ಅರ್ಧ ಅದನ್ನು ನೆಲಕ್ಕೆ ಬಗ್ಗಿಸುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಸುರುಳಿಯ ಬದಲು ಒಂದು ಪಟ್ಟಿಯ ಎರಡು ಬದಿಗೆ ಅಂಟಿಸಿದ ಪುಟ್ಟ ಎಲ್‌ಇಡಿ ಚಿಪ್‌ಗಳಿರುತ್ತವೆ. ಕೂದಲೆಳೆಯಷ್ಟು ಜಾಗ ತಪ್ಪಿದರೂ ಪ್ರತಿಫಲಕ ಅದನ್ನು ಎತ್ತೆತ್ತಲೋ ಎರಚುತ್ತದೆ. ಎಲ್‌ಇಡಿಗೆಂದೇ ರೂಪಿಸಿದ ಡೂಮಿನೊಡನೆ ಕಾರ್ಖಾನೆಯಿಂದ ಬರುವ ಗಾಡಿಗಳಲ್ಲಿ ಈ ತೊಂದರೆ ಇಲ್ಲ; ತೊಂದರೆ ಇರುವುದು ಒಂದರ ಹೊಟ್ಟೆಯಲ್ಲಿ ಇನ್ನೊಂದನ್ನು ತುರುಕುವುದರಲ್ಲಿ.

ಚಿಕ್ಕಂದಿನಲ್ಲಿ ಲಾರಿ, ಕಾರುಗಳ ಹೆಡ್‌ಲೈಟಿನ ಮೇಲ್ಭಾಗಕ್ಕೆ ಕಪ್ಪು ಬಣ್ಣ ಬಳಿದಿರುತ್ತಿದ್ದುದು ಇಲ್ಲಿ ನೆನಪಾಗುತ್ತದೆ. ಎದುರಿನವರ ಕಣ್ಣು ಕಾಯುವ ಉದ್ದೇಶ ಒಳ್ಳೆಯದೇ. ಆದರೆ ಮೇಲೆ ಹೇಳಿದ ಬಗೆಯ ಬಲ್ಬಿನಲ್ಲಿ ಡಿಮ್ ಬೆಳಕು ಹೊರಬರುವುದೇ ಡೂಮಿನ ಮೇಲರ್ಧದಿಂದ; ಆ ಬಣ್ಣ ತಗ್ಗಿಸುತ್ತಿದ್ದುದು ಯಾರಿಗೂ ಕಾಟ ಕೊಡದ ಡಿಮ್ಮನ್ನೇ. ಡಿಮ್ಮಿನಲ್ಲಿ ದಾರಿ ಕಾಣದ ಚಾಲಕ ಹೈಬೀಮಿಗೆ ಹೋಗುತ್ತಿದ್ದ, ಹೈಬೀಮು ಕೆಳಗಿನ ಅರ್ಧದಿಂದ ನಿರಾತಂಕವಾಗಿ ಬರುತ್ತಿತ್ತು.

ನನ್ನ ಎಲ್‌ಇಡಿಯಲ್ಲಿ ಇನ್ನೊಂದು ಮೋಸವಿತ್ತು, ಅದು ನನಗೇ ಆದದ್ದು. ಅದರ ಬೆಳಕಿನ ಬಹುಪಾಲು ಮುಂಗಾಲಿಯ ಮುಂದಿನ ಹತ್ತು ಮೀಟರಿನೊಳಗೇ ಸುರಿಯುತ್ತಿತ್ತು. ಅಷ್ಟು ಹತ್ತಿರ ಅಷ್ಟು ಬೆಳ್ಳಗಿದ್ದರೆ ಕಣ್ಣಿನ ಪಾಪೆ ಕುಗ್ಗುತ್ತದೆ, ಕುಗ್ಗಿದ ಪಾಪೆಗೆ ದೂರದ ಮಂದ ವಸ್ತು ಇನ್ನಷ್ಟು ಮಂದವಾಗುತ್ತದೆ. ಓಡಿಸುವವನಿಗೆ ಮಾತ್ರ ಎಲ್ಲವೂ ಹಗಲಿನಂತಿದೆ ಎಂಬ ಭ್ರಮೆ. ಎಲ್‌ಇಡಿ ಹಾಕಿಕೊಂಡ ಆರು ತಿಂಗಳಲ್ಲಿ ನನ್ನ ವೇಗ ಐವತ್ತೈದರಿಂದ ಅರವತ್ತೈದಕ್ಕೆ ಏರಿದ್ದನ್ನು ನಾನು ಗಮನಿಸಿದ್ದು ಈ ಗೋಡೆಯ ಪರೀಕ್ಷೆಯಾದ ನಂತರ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಪ್ರಕರಣ ಹಾಕಲು ಹೊರಟಾಗ ಕಚೇರಿಯಲ್ಲಿ ಹಲವರು ಗೊಣಗಿದರು. ನಾನು ಗೊಣಗಲಿಲ್ಲ, ಅಷ್ಟು ಹೊತ್ತಿಗೆ ನನ್ನದು ಬಿಚ್ಚಿ ಡ್ರಾಯರಿನಲ್ಲಿಟ್ಟಾಗಿತ್ತು.

ಬಿಚ್ಚಿಸಿದವರು ಸುಂಕದಕಟ್ಟೆಯ ಒಬ್ಬ ಹಳೆಯ ಆಟೊ ಎಲೆಕ್ಟ್ರಿಷಿಯನ್. 60/55 ಹಾಕೋಣವೇ, 100/90 ಹಾಕೋಣವೇ ಎಂದು ನಾನು ಕೇಳುತ್ತಿದ್ದರೆ, ಅವರು ಮಾತಾಡದೆ ಹಳೆಯ 35/35 ಬಲ್ಬನ್ನೇ ಸಿಕ್ಕಿಸಿ, ಎಂಜಿನ್ ಚಾಲೂ ಇಟ್ಟು, ಮೀಟರಿನ ಕಡ್ಡಿಗಳನ್ನು ಮೊದಲು ಬ್ಯಾಟರಿಗೂ ಆಮೇಲೆ ಬಲ್ಬಿನ ಬುಡಕ್ಕೂ ಹಿಡಿದರು. ಬ್ಯಾಟರಿಯಲ್ಲಿ 13.6 ವೋಲ್ಟು, ಬಲ್ಬಿನಲ್ಲಿ 11.4. "ನೋಡಿ ಸಾರ್, ಇದು ಹೊಟ್ಟೆಗಿಲ್ಲದೆ ಸಾಯ್ತಾ ಇದೆ, ನೀವು ತಟ್ಟೆ ದೊಡ್ಡದು ಮಾಡ್ತಾ ಇದೀರಿ" ಎಂದರು. ತಂತಿಯ ಬಲ್ಬಿನ ಬೆಳಕು ವೋಲ್ಟಿನ ಜೊತೆ ಸಮಸಮವಾಗಿ ಇಳಿಯುವುದಿಲ್ಲ. ವೋಲ್ಟೇಜಿನ ಸುಮಾರು 3.4ನೆಯ ಘಾತಕ್ಕೆ ತಕ್ಕಂತೆ ಕುಸಿಯುತ್ತದೆ. ಬ್ಯಾಟರಿಯಲ್ಲಿದ್ದ ವೋಲ್ಟಿನ ಆರರಲ್ಲಿ ಒಂದು ಭಾಗ ದಾರಿಯಲ್ಲಿ ಸೋರಿದ್ದಕ್ಕೆ ನನ್ನ ದೀಪ ಕೊಡಬೇಕಾದ ಬೆಳಕಿನಲ್ಲಿ ಹೆಚ್ಚುಕಡಿಮೆ ಅರ್ಧವೇ ಇಲ್ಲವಾಗಿತ್ತು. ಬ್ಯಾಟರಿಯಿಂದ ಕೀಲಿಕೈ ತಿರುಗಿಸುವ ಸ್ವಿಚ್ಚಿಗೆ, ಅಲ್ಲಿಂದ ಹ್ಯಾಂಡಲಿನ ಸ್ವಿಚ್ಚಿಗೆ, ಅಲ್ಲಿಂದ ಡಿಮ್-ಡಿಪ್ಪಿಗೆ, ಕೊನೆಗೆ ಹೋಲ್ಡರಿಗೆ ಎಂದು ತೆಳ್ಳನೆಯ ವೈರಿನಲ್ಲಿ ಊರೆಲ್ಲ ಸುತ್ತಿ ಬರುವ ವಿದ್ಯುತ್ತು ಪ್ರತಿ ಕೀಲಿನಲ್ಲಿಯೂ ಸುಂಕ ಕಟ್ಟಿ ಬರುತ್ತಿತ್ತು.

ಅವರು ಮಾಡಿದ್ದು ಇಷ್ಟು. ಬ್ಯಾಟರಿಯಿಂದ ನೇರವಾಗಿ ಒಂದು ದಪ್ಪ ವೈರು ಎಳೆದು, ಅದಕ್ಕೊಂದು ಫ್ಯೂಸ್ ಕೂರಿಸಿ, ಡಿಮ್ಮಿಗೊಂದು ಹೈಬೀಮಿಗೊಂದು ರಿಲೇ, ಅಂದರೆ ಸಣ್ಣ ಪ್ರವಾಹದ ಸನ್ನೆಗೆ ದೊಡ್ಡ ಪ್ರವಾಹವನ್ನು ಹರಿಸುವ ಸ್ವಿಚ್ಚು, ಹಾಕಿದರು. ಈಗ ಹ್ಯಾಂಡಲಿನ ಸ್ವಿಚ್ಚು ರಿಲೇಗೆ ಸನ್ನೆಯನ್ನಷ್ಟೇ ಮಾಡುತ್ತದೆ. ಭಾರ ಹೊರುವುದು ರಿಲೇಯ 30 ಮತ್ತು 87 ಎಂಬ ಎರಡು ಕಾಲುಗಳು. ಅರ್ತ್ ವೈರಿನ ತುದಿ ಕೆರೆದು ಸ್ವಚ್ಛ ಮಾಡಿದರು, ಕರಗಿದ್ದ ಹೋಲ್ಡರಿನ ಬದಲು ಪಿಂಗಾಣಿಯದು ಹಾಕಿದರು, ಹೊಳಪು ಹೋಗಿ ಬೂದಿ ಬಣ್ಣಕ್ಕೆ ತಿರುಗಿದ್ದ ಡೂಮನ್ನು ಬದಲಿಸಿದರು. ಬಲ್ಬು ಅದೇ 35/35. ಮತ್ತೆ ಮೀಟರು ಹಿಡಿದಾಗ 13.3 ತೋರಿಸಿತು. ಲೆಕ್ಕಕ್ಕೆ ಮೊದಲಿಗಿಂತ ಶೇಕಡಾ 70ರಷ್ಟು ಹೆಚ್ಚು ಬೆಳಕು ಆ ಹಳೆಯ ಬಲ್ಬಿನಿಂದಲೇ ಬಂದಿತ್ತು. ಹೊಸ ಡೂಮು ಅದರ ಮೇಲೆ ಸೇರಿದ್ದು ಬೇರೆ. ವೋಲ್ಟು ಏರಿದಷ್ಟೂ ತಂತಿಯ ಆಯುಸ್ಸು ಕಡಿಮೆಯಾಗುತ್ತದೆ ಎಂಬುದೂ ನಿಜ, ಆದ್ದರಿಂದ ಒಂದು ಬಿಡಿ ಬಲ್ಬು ಈಗ ಸೀಟಿನ ಕೆಳಗೆ ಬಟ್ಟೆಯಲ್ಲಿ ಸುತ್ತಿಕೊಂಡು ಕುಳಿತಿದೆ.

ನೆಲಮಾಳಿಗೆಯಲ್ಲಿ ಮತ್ತೊಮ್ಮೆ ಗೋಡೆಗೆ ಬೆಳಕು ಬಿಟ್ಟೆ. ನನ್ನ ದೀಪ ನೆಲದಿಂದ 95 ಸೆಂಟಿಮೀಟರ್ ಎತ್ತರದಲ್ಲಿದೆ. ಹತ್ತು ಮೀಟರ್ ದೂರದ ಗೋಡೆಯಲ್ಲಿ ಆ ಗೆರೆ 85 ಸೆಂಟಿಮೀಟರಿಗೆ, ಅಂದರೆ ನೂರಕ್ಕೆ ಒಂದರಂತೆ ಇಳಿಯುವ ಹಾಗೆ ತಿರುಪು ತಿರುಗಿಸಿದೆ. ಗೆರೆ ಮರಳಿ ಬಂದಿತ್ತು. ತಾವರೆಕೆರೆಯಾಚೆ ಈಗ ಎಲ್ಲವೂ ಕಾಣುತ್ತದೆ ಎಂದು ಹೇಳಲಾರೆ. ಮಳೆ ಬಂದ ರಾತ್ರಿ ಒದ್ದೆ ಡಾಂಬರು ಕನ್ನಡಿಯಂತಾಗಿ ನನ್ನ ಬೆಳಕನ್ನು ಮುಂದಕ್ಕೆ ಜಾರಿಸಿಬಿಡುತ್ತದೆ, ನನ್ನ ಕಣ್ಣಿಗೆ ಮರಳಿ ಬರುವುದು ಕಡಿಮೆ. ಅಂಥ ರಾತ್ರಿಗಳಲ್ಲಿ ಮೂವತ್ತೈದಕ್ಕೆ ಇಳಿಯುತ್ತೇನೆ, ಉಳಿದಂತೆ ಐವತ್ತು ದಾಟುವುದಿಲ್ಲ. ಹತ್ತು ಹನ್ನೆರಡು ನಿಮಿಷ ತಡವಾಗುತ್ತದೆ.

ಒಂದು ಸಂಗತಿ ಮಾತ್ರ ಇನ್ನೂ ಬಗೆಹರಿದಿಲ್ಲ. ಅಮ್ಮ ಪ್ರತಿ ಭಾನುವಾರ ಹಿಂದಿನ ಸೀಟಿಗೆ ಏನಾದರೂ ಕಟ್ಟಿಸಿಯೇ ಕಳಿಸುತ್ತಾಳೆ: ರಾಗಿ, ತೆಂಗಿನಕಾಯಿ, ಅವರೆಕಾಯಿಯ ಕಾಲದಲ್ಲಿ ಅವರೆಕಾಯಿಯ ಮೂಟೆ. ಇಪ್ಪತ್ತೈದು ಕಿಲೋ ಹಿಂದೆ ಕೂತರೆ ಹಿಂಬದಿಯ ಶಾಕ್ ಅಬ್ಸಾರ್ಬರ್ ಕುಗ್ಗಿ ಗಾಡಿಯ ಮೂತಿ ಮೇಲೇಳುತ್ತದೆ, ಅಷ್ಟು ಶ್ರಮಪಟ್ಟು ಇಳಿಸಿದ ಗೆರೆ ನೇರ ಎದುರಿನವರ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಅದಕ್ಕೆ ಹೊರಡುವ ಮುನ್ನ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿರುವಾಗ ಸ್ಕ್ರೂಡ್ರೈವರ್ ತೆಗೆದು ತಿರುಪನ್ನು ಒಂದೂವರೆ ಸುತ್ತು ಇಳಿಸುತ್ತೇನೆ. ಸೋಮವಾರ ಅದನ್ನು ಮರಳಿ ಏರಿಸಬೇಕೆಂಬುದು ಹೆಚ್ಚಿನ ವಾರ ಮರೆತುಹೋಗುತ್ತದೆ. ಸಂಜೆ ಪೀಣ್ಯದಿಂದ ಬರುವಾಗ, ಬೆಳಕೆಲ್ಲ ಮುಂದಿನ ಚಕ್ರದ ಬುಡದಲ್ಲೇ ಬಿದ್ದಿರುವುದನ್ನು ನೋಡಿ, ಮೂಟೆ ಇಳಿಸಿದ್ದೇನೆ, ತಿರುಪು ಹಾಗೆಯೇ ಇದೆ ಎಂಬುದು ನೆನಪಾಗುತ್ತದೆ.